ಕೆಂಪು ಗೇಟಿನ ಕಾವಲುಗಾರ

ಆಫೀಸಿನ ಬೀರು ತೆರೆದಿತ್ತು. ಬೀಗ ಮುರಿದಿರಲಿಲ್ಲ. ಒಳಗಿರಬೇಕಾದ ಡಿಸ್ಕ್ ಮಾತ್ರ ಇರಲಿಲ್ಲ!

ಚಿಕ್ಕ ಯಜಮಾನ ಖಾಲಿ ಅರೆಯಲ್ಲಿ ಕೈಯಾಡಿಸಿದ. ಧೂಳು ಕೂಡ ಅಂಟಲಿಲ್ಲ. ಸಂಜೆಯೊಳಗೆ ಆ ಡಿಸ್ಕ್ ಪರಿಶೀಲನಾ ಮಂಡಳಿಗೆ ಹೋಗಬೇಕು. ಹೋಗದಿದ್ದರೆ ಮರುಬಿಡುಗಡೆಯ ಕನಸಿಗೆ ಅಲ್ಲಿಗೇ ಮಂಗಳ.

'ಕೆಂಪು ಗೇಟು' ಎಂಬ ಆ ವಿಡಿಯೋ ಗೇಮಿನ ಬಿಡುಗಡೆಗಳೆಲ್ಲ ಸೆರೆವಾಸದಂತೆಯೇ ಇದ್ದವು. ಮೊದಲ ಸಲ ರಕ್ತ ಕೆಂಪಗಿತ್ತು. ಗೇಟಿನ ಕಾವಲುಗಾರರು ಮನುಷ್ಯರಂತೆಯೇ ಚೀರಿ ಸಾಯುತ್ತಿದ್ದರು. ಬೀದಿಯಲ್ಲಿ ಗಲಾಟೆ, ಪತ್ರಿಕೆಯಲ್ಲಿ ಛೀಮಾರಿ. ಮಂಡಳಿ ಡಿಸ್ಕುಗಳನ್ನೆಲ್ಲ ತರಿಸಿ ಪುಡಿ ಮಾಡಿಸಿತು. ಎರಡನೇ ಸಲ ರಕ್ತಕ್ಕೆ ಹಸಿರು ಬಳಿದರು—ಕಾವಲುಗಾರರು ಸೊಪ್ಪಿನ ರಸ ಚೆಲ್ಲಿಕೊಂಡು ಸತ್ತರು. ಅದಕ್ಕೂ ತಕರಾರು. ಮೂರನೇ ಸಲ ಕಾವಲುಗಾರರೇ ಯಂತ್ರಗಳಾದರು. ಗುಂಡು ತಗುಲಿದರೆ 'ಕೀಂ' ಎಂದು ಆರಿಹೋಗುತ್ತಿದ್ದರು. ಈಗ ಕಾಲ ಬದಲಾಗಿ, ಮೊದಲಿನದನ್ನೇ ಕಳಿಸಿ, ನೋಡೋಣ ಎಂದಿತ್ತು ಮಂಡಳಿ.

ಆ ಮೊದಲಿನದರಲ್ಲಿ ಚಿಕ್ಕ ಯಜಮಾನನ ಅಣ್ಣನಿದ್ದ.

ದಪ್ಪ ದನಿ, ಕೀಚಲು ದನಿ, ಮೂಗಿನ ದನಿ—ಕಾವಲುಗಾರರ ಇಡೀ ಪಟಾಲಮ್ಮೇ ಅಣ್ಣನ ಒಂದು ಗಂಟಲಿನಿಂದ ಹೊರಟದ್ದು. ಮೂರನೇ ಬಿಡುಗಡೆಗಾಗಿ ಅದನ್ನೆಲ್ಲ ಅಳಿಸಿದವನು ತಮ್ಮ. "ನನ್ನ ಗಂಟಲು ಕಿತ್ತು ಸೀಟಿ ಇಟ್ಯಲ್ಲೋ!" ಎಂದು ಅಣ್ಣ ನಕ್ಕಿದ್ದ. ಆಮೇಲೆ ಕಾಯಿಲೆ ಬಿದ್ದ, ಹೋದ. ದೊಡ್ಡ ಯಜಮಾನ ಹೋದರೂ ತಮ್ಮ ಎಲ್ಲರ ಬಾಯಲ್ಲಿ ಚಿಕ್ಕ ಯಜಮಾನನಾಗಿಯೇ ಉಳಿದ. ಪುಡಿಯಾಗದೆ ಉಳಿದಿದ್ದ ಒಂದೇ ಡಿಸ್ಕನ್ನು ಹಾಕಿ ಕೇಳುವ ಧೈರ್ಯ ಅವನಿಗೆ ಈವರೆಗೆ ಬಂದಿರಲಿಲ್ಲ. ಅಣ್ಣನ ದನಿ ಬಂದುಬಿಟ್ಟರೆ ಎಂಬ ಹೆದರಿಕೆ. ಬಾರದೇ ಹೋದರೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದು.

ಫೋನ್ ಮಾಡಿದ್ದೇ ತಡ, ಚಿಕ್ಕಮ್ಮ ಬಂದಳು. ಪೊಲೀಸ್ ಇಲಾಖೆಯಿಂದ ನಿವೃತ್ತಿಯಾಗಿದ್ದರೂ ಅವಳ ಹುಬ್ಬು ಇನ್ನೂ ಡ್ಯೂಟಿಯಲ್ಲೇ ಇತ್ತು.

"ಏನೇನು ಹೋಗಿದೆ?"

"ಡಿಸ್ಕು. ಅದನ್ನ ಹಾಕೋ ಹಳೇ ಯಂತ್ರ. ಒಂದು ಕಂಟ್ರೋಲರ್—ಕೈಯಲ್ಲಿ ಹಿಡ್ಕೊಂಡು ಆಡ್ತಾರಲ್ಲ, ಅದು."

"ಕಳ್ಳ ಶುದ್ಧ ಪೆದ್ದ, ಮೇಡಂ!" ಎಂದ ಬಗ್ಗಣ್ಣ. ಅವನು ಟೆಸ್ಟರ್, ಗೇಮಿನ ಬಗ್, ಅಂದರೆ ದೋಷ, ಹುಡುಕಿ ಹುಡುಕಿ ಬೆನ್ನು ಬಗ್ಗಿದ್ದರಿಂದ ಆ ಹೆಸರು. "ಎರಡು ಕಂಟ್ರೋಲರ್ ಇತ್ತು. ಒಳ್ಳೇದು ಬಿಟ್ಟು ಕೆಟ್ಟಿದ್ದು ತಗೊಂಡು ಹೋಗಿದ್ದಾನೆ. ಅದರಲ್ಲಿ ಗುಂಡು ಹಾರಿಸೋ ಗುಂಡೀನೇ ಕೆಲಸ ಮಾಡಲ್ಲ. 'ಗುಂಡು ಹಾರಲ್ಲ' ಅಂತ ಟೇಪ್ ಬೇರೆ ಅಂಟಿಸಿದ್ವಿ!"

ಚಿಕ್ಕಮ್ಮನ ಹುಬ್ಬು ಏರಿತು. "ನೀನು ಈ ಗೇಮ್ ಆಡಿದ್ದೀಯಲ್ಲ? ಕಾವಲುಗಾರ ಏನು ಮಾತಾಡ್ತಿದ್ದ?"

"ಮಾತಾಡೋಕೆ ಎಲ್ಲಿ ಬಿಟ್ವಿ? ಕಂಡ ತಕ್ಷಣ ಢಂ! 'ಅಯ್ಯೋ' ಅಂತಿದ್ದ, ಪಾಪ."

ಚಿಕ್ಕಮ್ಮ ಮೂಲೆಯಲ್ಲಿದ್ದ ಕಂಪನಿಯ ಲಾಯರ್ ಕಡೆ ತಿರುಗಿದಳು. "ಬಿಡುಗಡೆ ಬೇಡ ಅಂದೋರು ನೀವೇನಾ?"

"ಅಂದೆ. ಮತ್ತೆ ಕೋರ್ಟು, ಮತ್ತೆ ಗಲಾಟೆ—ಯಾರಿಗೆ ಬೇಕು? ಆದ್ರೆ ಬೇಡ ಅಂದೋರೆಲ್ಲ ಕಳ್ಳರಾದ್ರೆ, ಅವತ್ತು ಬಾಗಿಲ ಮುಂದೆ ಬೋರ್ಡ್ ಹಿಡ್ಕೊಂಡು ನಿಂತೋರನ್ನೂ ಹಿಡೀರಿ, ಮೇಡಂ. ಮುಂದಿನ ಸಾಲಲ್ಲಿ ನಿಮ್ಮಕ್ಕನೇ ಇದ್ರು!"

ಬಗ್ಗಣ್ಣ ಕೆಮ್ಮಿ ನಗು ನುಂಗಿದ.

"ಬೀಗದ ಕೈ ಎಲ್ಲಿತ್ತೋ?" ಚಿಕ್ಕ ಯಜಮಾನನನ್ನು ಕೇಳಿದಳು ಚಿಕ್ಕಮ್ಮ.

"ಅಣ್ಣನ ಡ್ರಾಯರಲ್ಲಿ."

"ನಿನ್ನೆ ಯಾರು ಬಂದಿದ್ರು?"

"ಯಾರೂ ಇಲ್ಲ ಚಿಕ್ಕಮ್ಮ. ಅಮ್ಮ ಬಂದಿದ್ಲು, ಅಣ್ಣನ ಮೇಜು ಒರೆಸೋಕೆ. ಅದು ಯಾವಾಗ್ಲೂ ಇದ್ದಿದ್ದೇ."

ಚಿಕ್ಕಮ್ಮ ಅರೆಯ ಮೇಲೆ ಬೆರಳೆಳೆದಳು. ಬೆರಳು ನೋಡಿಕೊಂಡಳು. "ನಡಿ, ಮನೆಗೆ."

ಮನೆಯ ಮೆಟ್ಟಿಲಲ್ಲಿ ಅವಳು ನಿಂತಳು.

"ವರ್ಷಗಟ್ಟಲೆ ತೆಗೀದ ಬೀರು. ಧೂಳೇ ಇಲ್ಲ! ಯಾವ ಕಳ್ಳನೋ ಕದ್ದ ಜಾಗಾನ ಒರೆಸಿಟ್ಟು ಹೋಗೋದು?"

"ಅಂದ್ರೆ—?"

"ನೀವೆಲ್ಲ ಕೆಟ್ಟ ಕಂಟ್ರೋಲರ್ ನೋಡಿ ನಕ್ಕಿರಿ. ಟೇಪ್ ಓದಿ ಬೇಕೂಂತಲೇ ತಗೊಂಡಿದ್ದು ಅದು. ಕೈತಪ್ಪಿ ಕೂಡ ಕಾವಲುಗಾರನಿಗೆ ಗುಂಡು ತಗುಲಬಾರದು. ಅವನು ನಿಂತಿರಬೇಕು, ಮಾತಾಡ್ತಿರಬೇಕು. ಅಂಥ ಆಸೆ ಯಾರಿಗಿರುತ್ತೆ ಹೇಳು."

"ಅಮ್ಮನಾ? ಬೋರ್ಡ್ ಹಿಡಿದವಳಲ್ವಾ ಅವಳು!"

"ಬೋರ್ಡಲ್ಲಿ ಏನು ಬರೆದಿದ್ಲು?"

ಅವನು ನೆನಪಿಸಿಕೊಂಡ. "'ಕೊಲ್ಲಬೇಡಿ'."

"ಈಗಲೂ ಅದನ್ನೇ ಹೇಳ್ತಿದ್ದಾಳೆ, ಮಗಾ."

ಬಾಗಿಲಾಚೆ ಯಾರೋ ಆಕಳಿಸಿದರು. ಗಟ್ಟಿಯಾಗಿ, ಕೊನೆಯಲ್ಲಿ ಒಂದು ರಾಗ ಎಳೆದು. ತಮ್ಮನ ಕೈ ಚಿಲಕದ ಮೇಲೆ ಹಾಗೇ ನಿಂತಿತು. ಹಾಗೆ ಆಕಳಿಸುತ್ತಿದ್ದವನು ಲೋಕದಲ್ಲಿ ಒಬ್ಬನೇ.

ಒಳಗೆ ಅಮ್ಮ ಟಿವಿಯ ಮುಂದೆ ಕುಳಿತಿದ್ದಳು. ಮಡಿಲಲ್ಲಿ ಟೇಪು ಸುತ್ತಿದ ಕಂಟ್ರೋಲರ್. ಪರದೆಯ ಮೇಲೆ ಕಾವಲುಗಾರನೊಬ್ಬ ಕೆಂಪು ಗೇಟಿಗೆ ಒರಗಿ ನಿಂತಿದ್ದ.

"ಶ್! ಸುಮ್ನೆ ನಿಂತ್ರೆ ಮಾತಾಡ್ತಾನೆ ಕಣೋ," ಎಂದಳು, ತಿರುಗಿಯೂ ನೋಡದೆ. "ಎಷ್ಟೊಂದು ಮಾತಾಡ್ತಾನೆ!"

"ಅಮ್ಮಾ, ಅದನ್ನ ಇವತ್ತು ಮಂಡಳಿಗೆ ಕಳಿಸ್ಬೇಕು."

"ಹಿಂದೆ ಕಳಿಸಿದ್ದು ವಾಪಸ್ ಬಂತಾ? ಪುಡಿ ಮಾಡಿದ್ರು."

"ನಕಲು ಮಾಡಿ ನಿನಗೆ ಕೊಟ್ಟೇ ಕಳಿಸ್ತೀನಿ."

"ನಕಲಲ್ಲಿ ಅವನು ಇರ್ತಾನಾ?"

"ನಕಲು ಮಾಡೋದೇ ಅಲ್ವೇನಮ್ಮಾ ಅವನ ಕೆಲಸ?"

ಅಮ್ಮ ಏನೋ ಹೇಳಹೋದಳು. ಅಷ್ಟರಲ್ಲಿ ಕಾವಲುಗಾರ ಮೂಗೆಳೆದುಕೊಂಡ. ಅವನ ದನಿ ಬದಲಾಯಿತು. ಸದಾ ನೆಗಡಿಯಾದಂಥ ದನಿ—ತಮ್ಮನದೇ, ಅಣ್ಣನ ಬಾಯಲ್ಲಿ!

"ರಕ್ತ ಸಾಲ್ದು ಅಣ್ಣಾ! ಇನ್ನೊಂದು ಕೊಡ ಸುರಿ! ಜನ ನಡುಗಿ ಹೋಗ್ಬೇಕು... ಅಣ್ಣಾ! ಜಿರಲೆ! ಕುರ್ಚಿ ಕೆಳಗೆ ಜಿರಲೆ ಕಣೋ! ಏ, ಹೊಡೀಬೇಡ! ಪಾಪ, ಪೇಪರಲ್ಲಿ ಎತ್ತಿ ಆಚೆ ಬಿಡೋ!"

ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅಮ್ಮನ ಭುಜ ಕುಲುಕಿತು. ಕಂಡ ತಕ್ಷಣ ಗುಂಡು ಹಾರಿಸಿದವರ ಯಾರ ಕಿವಿಗೂ ಬೀಳದೆ, ಆ ಚೇಷ್ಟೆ ಇಷ್ಟು ವರ್ಷ ಗೇಟಿನ ಮುಂದೆ ಕಾದಿತ್ತು.

ಎಲ್ಲರಿಗಿಂತ ಜೋರಾಗಿ ನಕ್ಕವನು ತಮ್ಮ. ನೆಲದ ಮೇಲೆ ಕುಸಿದು, ಅಮ್ಮನ ಮಂಡಿ ಹಿಡಿದು, ಮೂಗೆಳೆದುಕೊಂಡು ನಕ್ಕ—ಥೇಟ್ ಕಾವಲುಗಾರನ ಹಾಗೆಯೇ.