ಸಿದ್ದಾಪುರದಲ್ಲಿ ಉಳಿದ ಹೆಸರು

ರವೀಂದ್ರನ ಹೆಸರು ಮತ್ತೆ ಲಾಕ್ ಆಗಿತ್ತು. ಇನ್ನು ಫೋನ್ ಬರುತ್ತದೆಂದು ಮಧುರಾ ಕಾದಳು. ಬಂತು.

"ಮೇಡಂ, ಮತ್ತ ಲಾಕ್ ಆಗೇತ್ರಿ."

"ಹೆಸರು ಹೇಳಿ."

"ದಿನಾ ಕೇಳ್ತೀರಲ್ರೀ. ದನಿ ಗುರ್ತು ಸಿಗಂಗಿಲ್ಲೇನು?"

"ದನಿಗೆ ಪಾಸ್‌ವರ್ಡ್ ಇರೋದಿಲ್ಲ."

ಆಚೆ ಕಡೆ ಅವನು ನಕ್ಕ. ಆ ನಗು ಮುಗಿಯುವವರೆಗೆ ಕಾದು, ಆಮೇಲಷ್ಟೇ ಅವಳು ಲಾಕ್ ತೆಗೆದಳು. ಕೆಲಸ ಮೊದಲೇ ಮುಗಿಸಬಹುದಿತ್ತು.

ಅದು 2004. ಶಿರಸಿಯ ಹೇಮಾದ್ರಿ ಸಾಂಬಾರ ಕಂಪನಿ ಸಿದ್ದಾಪುರ, ಯಲ್ಲಾಪುರ ಶಾಖೆಗಳ ಕಂಪ್ಯೂಟರುಗಳನ್ನು ಮುಖ್ಯ ಕಚೇರಿಯ ಸರ್ವರಿಗೆ ಜೋಡಿಸಿ ಒಂದು ವರ್ಷವಾಗಿತ್ತು. ನೌಕರರೆಲ್ಲರ ಹೆಸರು ಆ ಸರ್ವರಿನಲ್ಲಿತ್ತು. ಯಾರು ಏನನ್ನು ತೆರೆಯಬಹುದು, ಯಾರು ಏನನ್ನು ನೋಡಬಾರದು ಎಂಬುದನ್ನು ಅದೇ ನಿರ್ಧರಿಸುತ್ತಿತ್ತು. ಪಾಸ್‌ವರ್ಡನ್ನು ತಿಂಗಳಿಗೊಮ್ಮೆ ಬದಲಿಸಬೇಕು. ಮೂರು ಸಲ ತಪ್ಪಾದರೆ ಹೆಸರು ಲಾಕ್. ಅದನ್ನು ತೆಗೆಯುವ ಅಧಿಕಾರ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಾದ ಎ.ಸಿ. ಕೋಣೆಯಲ್ಲಿ ಕೂರುವ ಮಧುರಾಳಿಗೆ ಮಾತ್ರ ಇತ್ತು.

ರವೀಂದ್ರ ಬನವಾಸಿ ಕಡೆಯವನು. ಮೊದಲು ಸಿದ್ದಾಪುರ ಶಾಖೆಯಲ್ಲಿದ್ದ, ಈಗ ಯಲ್ಲಾಪುರದಲ್ಲಿ ಮೆಣಸು, ಏಲಕ್ಕಿ ಖರೀದಿ ನೋಡಿಕೊಳ್ಳುತ್ತಿದ್ದ. ಅವಳು ಅವನನ್ನು ಕಂಡದ್ದು ಒಮ್ಮೆ, ಶಿರಸಿಯಲ್ಲಿ ತಾನೇ ಪಾಠ ಹೇಳಿದ ತರಬೇತಿಯಲ್ಲಿ. ಹಿಂದಿನ ಸಾಲಿನಲ್ಲಿ ಎದ್ದು ನಿಂತು, ಇಷ್ಟು ದಿನ ನೋಡಿದ ಮೇಲೂ ಈ ಯಂತ್ರ ನನ್ನನ್ನು ಯಾರು ಅಂತ ಯಾಕೆ ಕೇಳುತ್ತದೆ ಎಂದಿದ್ದ. ಎಲ್ಲರೂ ನಕ್ಕಿದ್ದರು. ಅವನು ನಗದೆ ಅವಳ ಉತ್ತರಕ್ಕೆ ಕಾಯುತ್ತ ನಿಂತಿದ್ದ. ಆ ನಿಂತ ರೀತಿ ಅವಳಿಗೆ ನೆನಪಿತ್ತು.

ಯಾವ ಕಂಪ್ಯೂಟರಿನಿಂದ ತಪ್ಪು ಪಾಸ್‌ವರ್ಡ್ ಬಂತೆಂಬುದನ್ನು ಸರ್ವರು ಬರೆದಿಡುತ್ತದೆ. ಮಧುರಾ ಅದನ್ನು ಒಮ್ಮೆಯೂ ತೆಗೆದು ನೋಡಿರಲಿಲ್ಲ. ನೋಡದಿದ್ದುದಕ್ಕೆ ತಾಂತ್ರಿಕ ಕಾರಣ ಏನೂ ಇರಲಿಲ್ಲ. ಫೋನ್ ಮಾಡಲು ನೆಪ ಬೇಕಾಗಿ ಅವನೇ ತಪ್ಪು ಒತ್ತುತ್ತಾನೆ ಎಂದುಕೊಂಡಿದ್ದಳು, ಹಾಗೆಂದುಕೊಳ್ಳುವುದು ಹಿತವಾಗಿತ್ತು.

ಒಂದು ದಿನ ನೋಡಿದಳು. ಅವನ ಹೆಸರಿನ ತಪ್ಪುಗಳೆಲ್ಲ ಸಿದ್ದಾಪುರ ಶಾಖೆಯಿಂದ ಬಂದಿದ್ದವು. ಹಿಂದಿನ ವಾರದವೂ ಅಲ್ಲಿಂದಲೇ.

ಮರುದಿನ ಅವನ ಫೋನ್ ಬಂದಾಗ ಆ ಪುಟ ಅವಳೆದುರು ತೆರೆದೇ ಇತ್ತು.

"ಎಲ್ಲಿಂದ ಮಾತಾಡ್ತಾ ಇದ್ದೀರಿ?"

"ಯಲ್ಲಾಪುರ ಬಿಟ್ಟು ಎಲ್ಲಿಗೆ ಹೋಗ್ಲಿರಿ? ನೀವು ಕರದ್ರ ಶಿರಸಿಗೆ ಬರ್ತೀನಿ."

ಅವಳು ನಗಲಿಲ್ಲ. ಲಾಕ್ ತೆಗೆದು ಫೋನ್ ಇಟ್ಟಳು. ಒಂದೋ ಅವನು ಸಿದ್ದಾಪುರದಲ್ಲಿ ಕೂತು ಸುಳ್ಳು ಹೇಳುತ್ತಿದ್ದಾನೆ, ಇಲ್ಲವೇ ತನ್ನ ಹೆಸರನ್ನು ಅಲ್ಲಿ ಯಾರಿಗೋ ಕೊಟ್ಟಿದ್ದಾನೆ. ಅವನು ಬಿಟ್ಟುಬಂದ ಖುರ್ಚಿಗೆ ಪರಿಮಳಾ ಎಂಬ ಹುಡುಗಿ ಬಂದಿದ್ದಾಳೆಂಬುದು ಅವಳಿಗೆ ಗೊತ್ತಿತ್ತು. ಪರಿಮಳಾಳ ಹೆಸರನ್ನು ಸರ್ವರಿಗೆ ಸೇರಿಸಿದವಳು ತಾನೇ. ಹುಡುಕಿ ನೋಡಿದಳು. ಬಂದ ಮೊದಲ ದಿನದ ನಂತರ ಪರಿಮಳಾ ಆ ಹೆಸರನ್ನು ಬಳಸಿಯೇ ಇರಲಿಲ್ಲ.

ಆಮೇಲೆ ಅವಳು ಲಾಕ್ ತೆಗೆಯುತ್ತಿದ್ದಳು, ಮಾತಾಡುತ್ತಿರಲಿಲ್ಲ. ಆರಾಮ ಇಲ್ಲೇನ್ರಿ ಎಂದು ಅವನು ಕೇಳಿದರೆ ಆಯ್ತು ಎಂದಷ್ಟೇ ಹೇಳಿ ಫೋನ್ ಇಡುತ್ತಿದ್ದಳು.

ಅಷ್ಟರಲ್ಲಿ ಮ್ಯಾನೇಜರ್ ಅನಂತಮೂರ್ತಿ ಅವಳನ್ನು ಕರೆದರು. ಕಂಪನಿಯ ದಿನದ ಖರೀದಿ ದರ ಬೆಳಿಗ್ಗೆ ಸರ್ವರಿಗೆ ಏರಿದೊಡನೆ ಸಿದ್ದಾಪುರದ ಬೇರೆ ವ್ಯಾಪಾರಿಗಳಿಗೆ ತಿಳಿಯುತ್ತಿದೆ, ಅವರು ನಮಗಿಂತ ಸ್ವಲ್ಪ ಮೇಲೆ ಹೇಳಿ ಮಾಲು ಎತ್ತುತ್ತಿದ್ದಾರೆ ಎಂದರು. ಏನಾದರೂ ಅಸಹಜ ಕಂಡಿತೇ ಎಂದು ಕೇಳಿದರು. ಕಂಡದ್ದನ್ನು ಅವಳು ಹೇಳಿದಳು.

"ಹಾಗಾದ್ರೆ ಬರೆದು ಕೊಡು. ಹೆಸರು ದುರುಪಯೋಗ ಆಗಿದೆ ಅಂತ. ಸೋಮವಾರ ಅವನನ್ನ ಸಸ್ಪೆಂಡ್ ಮಾಡ್ತೇನೆ."

ವರದಿಗೆ ಎರಡು ಸಾಲು ಸಾಕಿತ್ತು. ಮೊದಲ ಸಾಲು ಬರೆದಳು: ರವೀಂದ್ರರ ಹೆಸರು ಸಿದ್ದಾಪುರದಿಂದ ಬಳಕೆಯಾಗಿದೆ. ಬಳಸಿದವರು ಯಾರೆಂಬ ಎರಡನೆಯ ಸಾಲು ಬರೆಯಲಾಗಲಿಲ್ಲ. ಯಂತ್ರ ಯಾವುದೆಂದು ಸರ್ವರು ಹೇಳುತ್ತಿತ್ತು. ಅದರ ಮುಂದೆ ಕೂತವರ ಮುಖ ಅದಕ್ಕೆ ಕಂಡಿರಲಿಲ್ಲ. ಯಾರಿಗೂ ಹೇಳದೆ ಶನಿವಾರ ಬೆಳಗಿನ ಬಸ್ಸಿಗೆ ಸಿದ್ದಾಪುರಕ್ಕೆ ಹೋದಳು.

ಶಾಖೆಯ ಮುಖ್ಯಸ್ಥ ನಾಗಪತಿ ಹೆಗಡೆ ಆಗಷ್ಟೇ ಬಾಗಿಲು ತೆಗೆದಿದ್ದರು.

"ಎಂತ ತಂಗಿ, ಹೇಳದೇ ಕೇಳದೇ ಬಂದ್ಯಲೆ? ಚಾ ತರಸ್ತೆ, ಕೂತ್ಕ."

"ಚಾ ಬೇಡ. ಕೆಲಸ ಶುರು ಮಾಡಿ, ಆನು ಇಲ್ಲೇ ನಿಂತು ನೋಡ್ತೆ," ಎಂದಳು ಮಧುರಾ, ಅವರದೇ ಹವ್ಯಕ ಮಾತಿನಲ್ಲಿ.

ಪರಿಮಳಾ ಬಂದಳು. ಇಪ್ಪತ್ತೆರಡರ ಹುಡುಗಿ, ಮುಡಿದ ಅಬ್ಬಲಿಗೆ ಹೂ ಇನ್ನೂ ಬಾಡಿರಲಿಲ್ಲ. ಕಂಪ್ಯೂಟರಿಗೆ ನಮಸ್ಕಾರ ಮಾಡಿದಳು. ಮಾನಿಟರಿನ ನೆತ್ತಿಯಲ್ಲಿ ಅಂಟಿಸಿದ ಪಟ್ಟಿಯ ಮೇಲೆ ರವೀಂದ್ರ ಎಂದು ಬರೆದಿತ್ತು. ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮ ಅದರ ಮೇಲೆ ಒಣಗಿತ್ತು.

ಪರಿಮಳಾ ಯಂತ್ರದ ಹಿಂದೆ ಕೈ ಹಾಕಿ ಶಿರಸಿಯಿಂದ ಬರುವ ನೆಟ್‌ವರ್ಕ್ ವೈರು ಕಿತ್ತಳು. ರವೀಂದ್ರನ ಹೆಸರು, ಒಂದು ಪಾಸ್‌ವರ್ಡ್ ಒತ್ತಿದಳು. ಪರದೆ ತೆರೆಯಿತು. ವೈರನ್ನು ಮತ್ತೆ ಚುಚ್ಚಿದಳು. ದಿನವೂ ಮಾಡುವ ಕೆಲಸದಂತೆ, ಯಾವ ಅಳುಕೂ ಇಲ್ಲದೆ.

"ಇದನ್ನ ಯಾರು ಹೇಳಿಕೊಟ್ಟಿದ್ದು? ರವೀಂದ್ರ ಅವರಾ?"

"ಯಾರೂ ಇಲ್ಲೆ," ಎಂದಳು ಪರಿಮಳಾ. ಪಾಸ್‌ವರ್ಡ್ ಅವನು ಇಲ್ಲಿದ್ದ ಕಾಲದ್ದು, ಶಾಖೆಗೆಲ್ಲ ಗೊತ್ತಿದ್ದದ್ದು. ಅವನು ಹೋಗಿ ಹೊಸದು ಇಟ್ಟ ಮೇಲೆ ಅದು ನಡೆಯದೆ ನಿಂತುಹೋಗಿತ್ತು. ಒಮ್ಮೆ ನೆಟ್‌ವರ್ಕ್ ಲೈನ್ ಹೋದ ದಿನ ಸುಮ್ಮನೆ ಒತ್ತಿ ನೋಡಿದರೆ ತೆರೆಯಿತು. ಅಂದಿನಿಂದ ಲೈನನ್ನು ತಾವೇ ಕಳೆಯುತ್ತಿದ್ದರು.

"ನಿನಗೆ ಬೇರೆ ಹೆಸರು ಕೊಟ್ಟಿದ್ದೆನಲ್ಲ?"

"ಆ ಹೆಸರಲ್ಲಿ ಹೋದ್ರೆ ಪೂರಾ ಖಾಲಿ. ರಸೀದಿ ನಮೂನೆ, ರೈತರ ಪಟ್ಟಿ, ಎಂತದೂ ಇಲ್ಲೆ. ಎಲ್ಲ ರವೀಂದ್ರಣ್ಣನ ಹೆಸರಲ್ಲೇ ಇದ್ದು."

"ಹೆಸರು ಯಂತ್ರದ್ದು ತಂಗಿ," ಎಂದರು ನಾಗಪತಿ. "ಅಂವ ಹೋದ. ಯಂತ್ರ ಇಲ್ಲೇ ಇದ್ದು."

ರವೀಂದ್ರಣ್ಣ ಎಂಬ ಮಾತಿನಲ್ಲೇ ಮಧುರಾಳ ಅರ್ಧ ಅನುಮಾನ ಹೋಯಿತು. ಉಳಿದದ್ದನ್ನು ತಂತ್ರಜ್ಞಾನ ವಿವರಿಸಿತು. ಶಿರಸಿಯನ್ನು ಕೇಳಲಾಗದಿದ್ದಾಗ ಯಂತ್ರ ತನ್ನ ನೆನಪಿನಲ್ಲಿದ್ದ ಹಳೆಯ ಪಾಸ್‌ವರ್ಡನ್ನೇ ನಂಬುತ್ತಿತ್ತು. ವೈರು ಸೇರಿದೊಡನೆ ಅದನ್ನೇ ಹಿಡಿದು ಶಿರಸಿಯ ಬಾಗಿಲು ಬಡಿಯುತ್ತಿತ್ತು. ಮೂರು ಬಡಿತ, ಯಲ್ಲಾಪುರದಲ್ಲಿ ಅವನ ಹೆಸರು ಲಾಕ್.

ಹಾಗಾದರೆ ದರ? ಹಳೆಯ ಪಾಸ್‌ವರ್ಡಿಗೆ ದರದ ಪುಟ ತೆರೆಯುವಂತಿರಲಿಲ್ಲ. ಅಷ್ಟರಲ್ಲಿ ಪರಿಮಳಾ ಶಿರಸಿಗೆ ಫೋನ್ ಹಚ್ಚಿದಳು. ಫೋನ್ ಲೈನ್ ಸರಿಯಿಲ್ಲದ್ದಕ್ಕೆ, ಆಚೆಯವರು ಹೇಳಿದ ಒಂದೊಂದು ದರವನ್ನೂ ಗಟ್ಟಿಯಾಗಿ ಕೂಗಿ ಖಚಿತಪಡಿಸಿಕೊಂಡಳು. ಜಗುಲಿಯ ಬೆಂಚಿನಲ್ಲಿ ಪೇಪರ್ ಓದುತ್ತಿದ್ದ ಪಕ್ಕದ ಮಂಡಿಯ ಗುಮಾಸ್ತ ದರ ಮುಗಿದೊಡನೆ ಪೇಪರ್ ಮಡಿಸಿ ಎದ್ದುಹೋದ. ದಿನಾ ಬರ್ತ, ಒಳ್ಳೇ ಮನುಷ್ಯ ಎಂದರು ನಾಗಪತಿ.

ಮಧುರಾ ಅಲ್ಲೇ ಕೂತು ರಸೀದಿ ನಮೂನೆ, ಪಟ್ಟಿ ಎಲ್ಲವನ್ನೂ ಪರಿಮಳಾಳ ಹೆಸರಿಗೆ ಸಾಗಿಸಿದಳು. ಕುಂಕುಮದ ಪಟ್ಟಿಯನ್ನು ಕೀಳಲು ನಾಗಪತಿ ಒಪ್ಪಲಿಲ್ಲ.

ಸೋಮವಾರ ವಿಚಾರಣೆಗೆಂದು ಕರೆಸಿದ್ದ ರವೀಂದ್ರನಿಗೆ ಅನಂತಮೂರ್ತಿ, ಅವನ ತಪ್ಪಿಲ್ಲವೆಂದು ಅವಳು ಬರೆದ ವರದಿ ಓದಲು ಕೊಟ್ಟು, ಚಹಾ ಕುಡಿಸಿ ಕಳಿಸಿದರು. ಅವನು ಎ.ಸಿ. ಕೋಣೆಯ ಬಾಗಿಲಿಗೆ ಬಂದ. ಚಪ್ಪಲಿ ಬಿಟ್ಟ, ಒಳಗೆ ಬರಲಿಲ್ಲ.

"ಆವತ್ತು ಎಲ್ಲಿದ್ದೀರಿ ಅಂತ ಕೇಳಿದ್ರಲ್ರೀ. ಉತ್ತರ ನಿಮ್ಮ ಮುಂದ ಇತ್ತೇನು?"

"ಇತ್ತು."

"ನಾ ಹೇಳಿದ್ದು ನಂಬಲಿಲ್ಲ."

"ಇಲ್ಲ."

"ಹಂಗಿದ್ರ ಕೇಳಿದ್ಯಾಕ?"

ಅವನು ಈ ಸಲವೂ ನಗದೆ ಕಾದ. ನಂತರ ಚಪ್ಪಲಿ ಮೆಟ್ಟಿ ಹೋದ.

ವಾರಗಳು ಕಳೆದವು. ಅವನ ಹೆಸರು ಲಾಕ್ ಆಗಲಿಲ್ಲ. ಫೋನೂ ಬರಲಿಲ್ಲ. ತನ್ನ ಕೆಲಸ ಸರಿಯಾಗಿ ಆಗಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಆ ಸಾಕ್ಷಿಯನ್ನು ಮಧುರಾ ದಿನವೂ ಬೆಳಿಗ್ಗೆ ನೋಡಿ ಬೇರೆ ಕೆಲಸಕ್ಕೆ ಹೋಗುತ್ತಿದ್ದಳು.

ಒಂದು ಬುಧವಾರ ಊಟ ಮುಗಿಸಿ ಬಂದಾಗ ಪರದೆಯ ಮೇಲೆ ಆ ಹೆಸರಿತ್ತು. ಲಾಕ್.

ಮತ್ತೆ ಸಿದ್ದಾಪುರವೇ? ಪರಿಮಳಾ ವೈರು ಕಿತ್ತಳೇ? ಎಲ್ಲಿಂದ ಬಂತೆಂದು ನೋಡಲು ಒಂದು ಕ್ಲಿಕ್ ಸಾಕಿತ್ತು. ಬೆರಳು ಮೌಸಿನ ಮೇಲಿರುವಾಗಲೇ ಫೋನ್ ರಿಂಗಾಯಿತು.

ಅವಳು ಕೈ ಚಾಚಿ ಮಾನಿಟರ್ ಆರಿಸಿದಳು. ಆಮೇಲೆ ಫೋನ್ ಎತ್ತಿದಳು.

"ಮೇಡಂ, ಲಾಕ್ ಆಗೇತ್ರಿ."

"ಎಲ್ಲಿಂದ ಆಯ್ತು?"

"ನಿಮ್ಮ ಮುಂದ ಬರದಿರ್ಬೇಕಲ್ರೀ."

"ಮಾನಿಟರ್ ಆರಿಸಿದ್ದೇನೆ. ನೀವು ಹೇಳಿ."

ಆಚೆ ಕಡೆ ಯಾರದೋ ತಕ್ಕಡಿಯ ಸದ್ದು ಕೇಳಿತು.

"ಯಲ್ಲಾಪುರದಿಂದ. ನನ್ನ ಟೇಬಲ್ಲಿಂದ. ನಾನಽ ಒತ್ತೀನ್ರಿ, ಮೂರೂ ಸಲ, ಬೇಕಂತ. ನಿಮ್ಮ ದನಿ ಕೇಳದ ಇರಾಕ ಆಗಲಿಲ್ಲ."

"ಸರಿ."

"ಸರಿ ಅಂದ್ರ? ನಂಬಿದ್ರೇನು?"

"ನಂಬಿದೆ."

"ಹಂಗಾದ್ರ ಲಾಕ್ ತಗೀರಿ."

"ತೆಗೀಬೇಕಾದ್ರೆ ಮಾನಿಟರ್ ಹಚ್ಚಬೇಕು. ಇವತ್ತು ಹಚ್ಚೋದಿಲ್ಲ," ಎಂದಳು ಮಧುರಾ. "ಇವತ್ತಿನ ಕೆಲಸ ಕೈಯಲ್ಲೇ ಬರೀರಿ. ನಾಳೆ ನೀವೇ ಶಿರಸಿಗೆ ಬನ್ನಿ."

"ಗುರುತಿನ ಚೀಟಿ ತರ್ಲೇನು?"

"ಬೇಡ. ನೀವು ಬಂದ್ರೆ ನನಗೆ ಗೊತ್ತಾಗ್ತದೆ. ಈ ಸಲ ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಬನ್ನಿ."