ಕನ್ನಡಿಗೆ ಕಾಲುಚೀಲ

ಮೆಲಿಶಾ ಅವನಿಗೆ ಕೊಟ್ಟ ಮೊದಲ ಉಡುಗೊರೆ ಮೂರು ಹೊಲಿಗೆ.

ಹಣೆಯ ಎಡಭಾಗದಲ್ಲಿ, ಹುಬ್ಬಿನಿಂದ ಒಂದು ಬೆರಳು ಮೇಲೆ. ಕೊಟ್ಟದ್ದು ಟ್ರೈಪಾಡ್‌ನಿಂದ. ಮೂರು ಕಾಲಿನ ಸ್ಟ್ಯಾಂಡು, ಕಾಲಿಗೊಂದರಂತೆ ಹೊಲಿಗೆ, ಅನ್ಯಾಯ ಏನೂ ಆಗಿಲ್ಲ ಎಂದು ಅಕ್ಷಯ್ ಆಮೇಲೆ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ.

ಅಂದು ಶುಕ್ರವಾರ, ವಾರದ ರಜೆ, ಬೆಳಿಗ್ಗೆ ಏಳು ಗಂಟೆ. ಕುವೈತಿನ ರಿಗ್ಗೈಯ ಪಾರ್ಕಿನಲ್ಲಿ ಕಾಗದದ ಹೂವಿನ ಪೊದೆಯ ಹಿಂದೆ ಕುಳಿತು ಅವನು ಚಹಾ ಕುಡಿಯುತ್ತಿದ್ದ. ತಲೆಯ ಮೇಲೆ ಒಂದು ಚಿಟಿಕೆಯಷ್ಟು ಹಕ್ಕಿ 'ಚ್ವೀ ಚ್ವೀ ಚ್ವೀ' ಎಂದಿತು. ಯಾರ ದನಿ ಕೇಳಿದರೂ ಅದನ್ನು ಹಾಗೇ ವಾಪಸ್ ಕೊಡದಿದ್ದರೆ ಅಕ್ಷಯನ ನಾಲಿಗೆಗೆ ತುರಿಕೆ. ಅವನೂ 'ಚ್ವೀ ಚ್ವೀ ಚ್ವೀ' ಎಂದು ಸಿಳ್ಳೆ ಹಾಕಿದ. ಮೂರನೇ ಸಿಳ್ಳೆ ಅರ್ಧದಲ್ಲಿರುವಾಗ ಪೊದೆ ಸೀಳಿಕೊಂಡು ಟ್ರೈಪಾಡ್ ಬಂತು. ಅದರ ಹಿಂದೆ ಒಬ್ಬಳು ಹುಡುಗಿ.

"ಯಾರಿಗೆ ಸಿಳ್ಳೆ ಹಾಕೋದು? ಹಾಂ?"

"ಹಕ್ಕಿಗೆ ಮೇಡಂ, ಹಕ್ಕಿಗೆ!"

ಆ ಹೊತ್ತಿನಲ್ಲಿ ಹೇಳಬಾರದಿದ್ದ ಮಾತು ಅದೊಂದೇ. ಟ್ರೈಪಾಡ್ ಎರಡನೇ ಸಲ ಮೇಲೆದ್ದಿತು. ಗಿಡಗಳಿಗೆ ನೀರು ಬಿಡುತ್ತಿದ್ದ ಮಾಲಿ ಅಬ್ದುಲ್ ರಹಿಮಾನ್ ಪೈಪು ಎಸೆದು ಓಡಿಬಂದು ನಡುವೆ ನಿಂತ. ಅಷ್ಟರಲ್ಲಿ ಮೇಲಿನ ಕೊಂಬೆಯಿಂದ ನಿಜವಾದ ಸಿಳ್ಳೆ ಕೇಳಿಸಿತು. ಮೆಲಿಶಾ ತಲೆ ಎತ್ತಿದಳು. ಆಮೇಲೆ ಕೆಳಗೆ, ಚಹಾದಲ್ಲಿ ಬೀಳುತ್ತಿದ್ದ ರಕ್ತವನ್ನು ನೋಡಿದಳು.

"ಜೀಸಸ್! ನೀವು ನಿಜವಾಗಿ ಹಕ್ಕಿಗೇ ಹಾಕಿದ್ದಾ?"

ಅವಳು ಕ್ಲಿನಿಕ್ಕೊಂದರಲ್ಲಿ ಎಕ್ಸ್‌ರೇ ಟೆಕ್ನೀಷಿಯನ್. ತಾನೇ ಕರೆದುಕೊಂಡು ಹೋಗಿ ಹೊಲಿಗೆ ಹಾಕಿಸಿದಳು, ತಾನೇ ತಲೆಯ ಎಕ್ಸ್‌ರೇ ತೆಗೆದಳು.

"ಒಳಗೆ ಎಂತ ಕಾಣ್ತದೆ?" ಅಂದ ಅಕ್ಷಯ್.

ಮೆಲಿಶಾ ಸ್ಕ್ರೀನನ್ನು ಆ ಕಡೆ ಈ ಕಡೆ ನೋಡಿದಳು. "ಎಂತ ಇಲ್ಲ ಮಾರಾಯ್ರೆ. ಖಾಲಿ."

ಅಲ್ಲೇ ಅವನು ಬಿದ್ದದ್ದು. ಏಟಿಗೆ ಬಿದ್ದಿರಲಿಲ್ಲ.

ಮುಂದಿನ ಶುಕ್ರವಾರ ಬ್ಯಾಂಡೇಜು ಸಮೇತ ಹಾಜರಾದ. "ನಿಮ್ಮ ಹಮ್ಮಿಂಗ್ ಬರ್ಡ್ ಹೇಗುಂಟು?"

"ಎಲ್ಲರೂ ಹಾಗೇ ಹೇಳೋದು. ಹಮ್ಮಿಂಗ್ ಬರ್ಡ್ ಇರೋದು ಅಮೆರಿಕದ ಕಡೆ ಮಾತ್ರ. ಇದು ಸೂರಕ್ಕಿ. ನಮ್ಮ ಊರಲ್ಲಿ ದಾಸವಾಳಕ್ಕೆ ನೇತಾಡ್ತದಲ್ಲ, ಅದೇ."

"ಹೋ, ನಮ್ಮ ಊರಿನವನಾ? ಇಲ್ಲಿ ಇರ್ಲಿಕ್ಕೆ ಇಕಾಮಾ ಉಂಟಾ ಕೇಳಿ ಒಮ್ಮೆ."

ಅವಳು ನಗಲಿಲ್ಲ. ಆದರೆ ಕ್ಯಾಮೆರಾದ ಹಿಂದಿನ ಕೆನ್ನೆ ಸ್ವಲ್ಪ ಉಬ್ಬಿತು. ಒಂದು ಕಣ್ಣು ಮುಚ್ಚಿ ಹಕ್ಕಿಯನ್ನು ನೋಡುವವಳು ಆ ಮುಚ್ಚಿದ ಕಣ್ಣಿನಲ್ಲಿ ತನ್ನನ್ನೇ ನೋಡುತ್ತಿದ್ದಾಳೆ ಎಂಬ ಗುಮಾನಿ ಅಕ್ಷಯನಿಗೆ ಅಂದೇ ಹುಟ್ಟಿತು.

ಪಾರ್ಕಿನ ಬೇಲಿಗೆ ತಾಗಿದ ಬಾಟಲ್ ಬ್ರಷ್ ಗಿಡದಲ್ಲಿ ಗೂಡು ಇತ್ತು. ಜೇಡರ ಬಲೆ, ಒಣ ಹುಲ್ಲು, ಟಿಶ್ಯೂ ಪೇಪರಿನ ಚೂರು, ಯಾರದೋ ಬರ್ತ್‌ಡೇ ರಿಬ್ಬನ್ನು ಸೇರಿಸಿ ಹೆಣ್ಣುಹಕ್ಕಿ ಹೊಲಿದ ಪುಟ್ಟ ಚೀಲ. ಅದರೊಳಗೆ ಎರಡು ಮೊಟ್ಟೆ. ಬೇಲಿಯ ಆಚೆ ಕಾರು ನಿಲ್ಲಿಸುವ ಸಾಲು, ಸಾಲಿನ ಆಚೆ ಮೆಲಿಶಾ ತನ್ನ ಅಣ್ಣನ ಜೊತೆ ಇರುವ ಕಟ್ಟಡ.

"ನನಗೆ ಒಂದೇ ಫೋಟೋ ಬೇಕು," ಅಂದಳು ಅವಳು. "ಗಂಡು ಬಿಸಿಲಿಗೆ ಎದೆ ಕೊಟ್ಟು ಹಾಡ್ಬೇಕು. ಆಗ ರೆಕ್ಕೆಯ ಬುಡದಲ್ಲಿ ಬೆಂಕಿಯ ಹಾಗೆ ಎರಡು ಗರಿ ಬಿಚ್ಚುತ್ತದೆ. ವಾರವಿಡೀ ಕಪ್ಪು ಬಿಳುಪು ಎಲುಬು ನೋಡೋದು ನಾನು. ಶುಕ್ರವಾರಕ್ಕೆ ಅದೊಂದು ಬಣ್ಣ ಬೇಕು."

ಅಕ್ಷಯ್ ಶುವೈಖ್‌ನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕಾರಿನ ಸೈಡ್ ಮಿರರ್ ಮಾರುವವನು. ಕೌಂಟರಿನ ಅನುಭವವನ್ನೆಲ್ಲ ಅವಳಿಗೆ ದನಿ ಸಮೇತ ಬಡಿಸಿದ. ಕನ್ನಡಿಗಳಿಗೆ ಅರಬ್ಬಿಯಲ್ಲಿ 'ಮರಾಯಾ' ಅನ್ನುತ್ತಾರೆ, ಯಜಮಾನ ದಿನಕ್ಕೆ ನೂರು ಸಲ "ಮರಾಯಾ, ಮರಾಯಾ!" ಎಂದು ಕೂಗುವಾಗ, ಎಷ್ಟು ಪ್ರೀತಿ ಇವನಿಗೆ ನನ್ನ ಮೇಲೆ ಎಂದು ಒಂದು ತಿಂಗಳು ಕರಗಿಹೋಗಿದ್ದನಂತೆ. ಮೆಲಿಶಾ ನಕ್ಕು ನಕ್ಕು ಲೆನ್ಸಿನ ಮುಚ್ಚಳ ಕಳೆದುಕೊಂಡಳು. 'ನೀವು' ಎಂಬುದೂ ಅದೇ ಹುಲ್ಲಿನಲ್ಲಿ ಎಲ್ಲೋ ಕಳೆದುಹೋಯಿತು.

ಮೂರನೇ ಶುಕ್ರವಾರ ಅವನು ವಿಮಾನದ ಅನೌನ್ಸರ್ ದನಿಯಲ್ಲಿ ಹೇಳಿದ: "ಪ್ರಯಾಣಿಕರ ಗಮನಕ್ಕೆ. ಶುವೈಖಿನಿಂದ ಹೊರಟ ಅಕ್ಷಯ್ ಎಂಬ ಹೃದಯವು ರಿಗ್ಗೈಯಲ್ಲಿ ಇಳಿದಿದೆ. ವಾಪಸ್ ಹೋಗುವ ವಿಮಾನ ರದ್ದಾಗಿದೆ."

ಮೆಲಿಶಾ ಕೆಂಪಾದಳು. "ಚೆಂದ ಉಂಟು. ಈಗ ಇದನ್ನೇ ನಿನ್ನ ದನಿಯಲ್ಲಿ ಹೇಳು."

ಅವನು ಬಾಯಿ ತೆರೆದ. ಗಂಟಲಿನಲ್ಲಿ ಯಜಮಾನ ಇದ್ದ, ಊರಿನ ಬಸ್ಸಿನ ಕಂಡಕ್ಟರ್ ಇದ್ದ, ಕನ್ನಡ ಸಂಘದ ಸೆಕ್ರೆಟರಿ ಇದ್ದ. ಅಕ್ಷಯ್ ಮಾತ್ರ ಎಲ್ಲೂ ಇರಲಿಲ್ಲ. ಕೊನೆಗೆ ಯಜಮಾನನೇ ಹೊರಬಂದ. "ಯಲ್ಲಾ, ಖಲಾಸ್!"

ಅವಳ ನಗು ತುಟಿಯಲ್ಲೇ ಉಳಿಯಿತು, ಕಣ್ಣಿನಿಂದ ಹೋಯಿತು.

ಮಾತಿನಲ್ಲಿ ಕೊಡಲಾಗದ್ದನ್ನು ಫೋಟೋದಲ್ಲಿ ಕೊಡುತ್ತೇನೆ ಎಂದು ಅಕ್ಷಯ್ ತೀರ್ಮಾನಿಸಿದ. ಭಾನುವಾರದಿಂದ ದಿನಾ ಬೆಳಿಗ್ಗೆ, ಕಂಪನಿಯ ವ್ಯಾನು ಬರುವ ಮೊದಲು, ಅವಳಿಗೆ ತಿಳಿಸದೆ ಪಾರ್ಕಿಗೆ ಬಂದು ಪೊದೆಯ ಹಿಂದೆ ಸಿಳ್ಳೆ ಕಲಿತ. ತುಟಿ ಮಡಚಿದ, ನಾಲಿಗೆ ತಿರುಚಿದ. ಗುರುವಾರದ ಹೊತ್ತಿಗೆ ಸೂರಕ್ಕಿಗೂ ಅವನಿಗೂ ಗರಿ ಒಂದೇ ವ್ಯತ್ಯಾಸ.

ಶುಕ್ರವಾರ ಮೆಲಿಶಾ ಕ್ಯಾಮೆರಾ ಹೂಡಿದ್ದೇ ಅವನು ಸಿಳ್ಳೆ ಹಾಕಿದ. ಗಂಡುಹಕ್ಕಿ ಬಾಣದಂತೆ ಬಂದು ತುದಿಯ ಕೊಂಬೆಯಲ್ಲಿ ಕುಳಿತಿತು. ಎದೆ ಉಬ್ಬಿಸಿತು, ಕೊಕ್ಕು ಬಿಚ್ಚಿತು. ನೇರಳೆ ಮೈಯ ಎರಡು ಬದಿಯಲ್ಲಿ ಕಿತ್ತಳೆ ಬೆಂಕಿ ಹತ್ತಿಕೊಂಡಿತು. ಕ್ಯಾಮೆರಾ ಕಟಕಟ ಎಂದಿತು. ಮೆಲಿಶಾಳ ಇನ್ನೊಂದು ಕೈ ಅಕ್ಷಯನ ಮಣಿಕಟ್ಟನ್ನು ಉಗುರು ನಾಟುವಷ್ಟು ಗಟ್ಟಿಯಾಗಿ ಹಿಡಿದುಕೊಂಡಿತು.

"ಸಿಕ್ಕಿತು! ನೀನು ಜಾದೂಗಾರ ಮಾರಾಯ!"

ಹಕ್ಕಿ ಬೇಲಿ ದಾಟಿ ಹಾರಿತು. ಕಾರುಗಳ ಕಡೆಯಿಂದ ಟಕ್, ಟಕ್, ಟಕ್ ಎಂಬ ಸದ್ದು ಬಂತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಅದನ್ನು ಯಾರು ಕೇಳಬೇಕು?

ಇನ್ನೊಂದು ವಾರ ಅವನು ದಿನಾ ಸಿಳ್ಳೆ ಹಾಕಿದ. ಮುಂದಿನ ಸಲ ವಿಡಿಯೋ ಕೊಡಬೇಕಿತ್ತಲ್ಲ.

ಆ ಶುಕ್ರವಾರ ಪಾರ್ಕಿಗೆ ಬಂದಾಗ ಮೆಲಿಶಾ ಗಿಡದ ಕೆಳಗೆ ಮೊಣಕಾಲೂರಿ ಕುಳಿತಿದ್ದಳು. ಮಣ್ಣಿನಲ್ಲಿ, ಹೆಬ್ಬೆರಳಿನ ಅರ್ಧದಷ್ಟು, ಪುಕ್ಕವಿಲ್ಲದ ಒಂದು ಮರಿ. ಇರುವೆಗಳು ಕಣ್ಣಿನಿಂದ ಶುರು ಮಾಡಿದ್ದವು. ಗೂಡಿನಲ್ಲಿ ಉಳಿದ ಇನ್ನೊಂದು ಮರಿ ಬಾಯಿ ತೆರೆದೇ ಇತ್ತು. ತಾಯಿ ಒಬ್ಬಳೇ ಹಾರಿ ಹಾರಿ ಸೋತಿದ್ದಳು.

ಗಂಡುಹಕ್ಕಿ ಬೇಲಿಯ ಆಚೆ ಯುದ್ಧದಲ್ಲಿತ್ತು. ಒಂದು ಪಜೆರೋದ ಸೈಡ್ ಮಿರರ್‌ಗೆ ಉಗುರು ಹಾಕಿ ಜೋತು, ಒಳಗಿದ್ದ ತನ್ನನ್ನೇ ಕುಕ್ಕುತ್ತಿತ್ತು. ಬಿತ್ತು, ಎದ್ದಿತು, ಮತ್ತೆ ಎದೆಯಿಂದ ಗುದ್ದಿತು. ಕೊಕ್ಕಿನ ಬುಡ ಒಡೆದಿತ್ತು, ಒಂದು ಕಾಲು ಜೋಲುತ್ತಿತ್ತು. ಗಾಜಿನ ಮೇಲೆ ಕೆಂಪು ಗೀಟುಗಳು. ಒಳಗಿನ ಶತ್ರುವಿಗೂ ಅಷ್ಟೇ ರಕ್ತ ಬರುತ್ತಿದ್ದರಿಂದ ಅದು ಗೆಲ್ಲುತ್ತಿದ್ದೇನೆ ಎಂದುಕೊಂಡಿತೋ ಏನೋ, ನಿಲ್ಲಿಸಲೇ ಇಲ್ಲ.

"ಹೀಗೆ ಯಾಕೆ ಮಾಡ್ತಾನೆ ಇವನು? ಯಾರು ಬಂದದ್ದು ಇಲ್ಲಿ?" ಅಂದಳು ಮೆಲಿಶಾ.

ಪೈಪು ಹಿಡಿದು ಬಂದ ಅಬ್ದುಲ್ ರಹಿಮಾನ್ ಒಳ್ಳೆಯ ಸುದ್ದಿ ಹೇಳುವ ಉತ್ಸಾಹದಲ್ಲಿದ್ದ. "ಮೇಡಂ, ಯೇ ಭಾಯಿ ರೋಜ್ ಸುಬಹ್ ಆತಾ ಹೈ. ಸೀಟಿ ಬಜಾತಾ ಹೈ. ಬಹುತ್ ಅಚ್ಛಾ!"

ಮೆಲಿಶಾ ನಿಧಾನಕ್ಕೆ ಎದ್ದಳು. "ದಿನಾ ಬೆಳಿಗ್ಗೆ ಸಿಳ್ಳೆಯಾ? ಎಷ್ಟು ದಿನದಿಂದ?"

"ಹನ್ನೆರಡು," ಅಂದ ಅಕ್ಷಯ್.

"ಹನ್ನೆರಡು ದಿನ. ತನ್ನ ಗೂಡಿನ ಹತ್ತಿರ ಇನ್ನೊಬ್ಬ ಗಂಡು ಬಂದಿದ್ದಾನೆ ಅಂತ ಅವನು ಹುಡುಕಿದ. ಮರಿಗೆ ತಿನ್ನಿಸೋದು ಬಿಟ್ಟು ಹುಡುಕಿದ. ಸಿಕ್ಕಿದ್ದು ಕನ್ನಡಿಯಲ್ಲಿ."

ಅವಳು ಕ್ಯಾಮೆರಾ ತೆಗೆದು ಆ ಫೋಟೋ ತೋರಿಸಿದಳು. ನೇರಳೆ, ಕಿತ್ತಳೆ, ಬಿಸಿಲು. "ಇದು ಹಾಡೋದಲ್ಲ ಅಕ್ಷಯ್. ಬೈಯೋದು." ಬೆರಳು ಗುಂಡಿ ಒತ್ತಿತು. ಡಿಲೀಟ್. ಪರದೆ ಕಪ್ಪಾಯಿತು.

"ಹೊಡಿ ಮೆಲಿಶಾ. ಟ್ರೈಪಾಡ್ ಉಂಟಲ್ಲ."

"ಹೊಡೆಯುವಷ್ಟು ಹತ್ತಿರದವ ಅಲ್ಲ ನೀನು ಇನ್ನು."

ಮೂರು ಹೊಲಿಗೆಗೂ ಆಗದ ನೋವು ಆ ಒಂದು ಮಾತಿಗೆ ಆಯಿತು. ಅವನು ಏನನ್ನೋ ಹೇಳಲು ಹೊರಟ. ಯಾರ ದನಿಯೂ ಬರಲಿಲ್ಲ.

ಆದರೆ ಕನ್ನಡಿಯ ವಿಷಯ ಅಕ್ಷಯನಿಗಿಂತ ಚೆನ್ನಾಗಿ ಬಲ್ಲವರು ಆ ಪಾರ್ಕಿನ ಸುತ್ತ ಯಾರೂ ಇರಲಿಲ್ಲ. ಯಾವ ಕಾರಿಗೆ ಯಾವ ಅಳತೆ ಎಂಬುದು ಅವನಿಗೆ ಬಾಯಿಪಾಠ. ಅಂದೇ ಸಂಜೆ ಕಪ್ಪು ಕಾಲುಚೀಲಗಳ ಕಟ್ಟು, ಒಂದು ಪೊಟ್ಟಣ ರಬ್ಬರ್ ಬ್ಯಾಂಡ್ ತಂದ. ಶನಿವಾರ ಬೆಳಕು ಹರಿಯುವಾಗ ಬೇಲಿಯ ಪಕ್ಕದ ಹನ್ನೊಂದು ಕಾರಿನ ಇಪ್ಪತ್ತೆರಡು ಕನ್ನಡಿಗಳಿಗೆ ಚೀಲ ತೊಡಿಸಿದ. ಜನ ಕೆಲಸಕ್ಕೆ ಇಳಿಯುವ ಮೊದಲು ಬಿಚ್ಚಿದ. ಒಮ್ಮೆಯೂ ಸಿಳ್ಳೆ ಹಾಕಲಿಲ್ಲ. ಹಕ್ಕಿ ಶತ್ರುವನ್ನು ಹುಡುಕಿ ಹುಡುಕಿ ಕಾರಿನ ಮೇಲೆ ಕುಂಟಿತು. ಭಾನುವಾರವೂ ಹಾಗೇ. ಸೋಮವಾರ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿತ್ತು.

ಮಂಗಳವಾರ ಅವನು ಪಜೆರೋದ ಕನ್ನಡಿಗೆ ಬಾಗಿದ್ದಾಗ ಹಿಂದಿನಿಂದ ಒಂದು ಕೈ ಕಾಲರ್ ಹಿಡಿಯಿತು.

"ಸಿಕ್ಕಿದೆಯಲ್ಲ, ಮಿರರ್ ಕಳ್ಳ!"

ಕ್ಲಿಫರ್ಡ್ ಮಥಾಯಸ್, ಅರ್ದಿಯಾದ ಗೋದಾಮಿನ ಸೂಪರ್‌ವೈಸರ್. ಕಳೆದ ತಿಂಗಳು ಅವನ ಪಜೆರೋದ ಎರಡೂ ಕನ್ನಡಿ ಕಳವಾಗಿ, ಹೊಸತು ಹಾಕಿಸಿದ್ದ. ಆ ಎರಡು ಕನ್ನಡಿಯ ಸಿಟ್ಟು ಎರಡು ಮುಷ್ಟಿಯಲ್ಲಿ ಕಾದು ಕುಳಿತಿತ್ತು. ಮೊದಲ ಗುದ್ದಿಗೆ ಅಕ್ಷಯನ ತುಟಿ ಒಡೆಯಿತು. ಎರಡನೆಯದಕ್ಕೆ ತಲೆ ಬಾನೆಟ್ಟಿಗೆ ಬಡಿದು ಹಣೆಯ ಹಳೆ ಗಾಯ ಬಾಯಿ ಬಿಟ್ಟಿತು. ಕೆಳಗೆ ಬಿದ್ದವನ ಪಕ್ಕೆಗೆ ಸೇಫ್ಟಿ ಶೂ ಬಿತ್ತು, ಒಮ್ಮೆ, ಮತ್ತೊಮ್ಮೆ. ಒಳಗೆ ಏನೋ ಒಣ ಕಡ್ಡಿಯಂತೆ ಮುರಿಯಿತು.

"ಮಾತಾಡೋ! ಯಾರು ನೀನು? ಎಲ್ಲಿ ಕೆಲಸ?" ಕ್ಲಿಫರ್ಡ್ ಕಿಸೆಗೆ ಕೈ ಹಾಕಿ ಅವನ ಕಾರ್ಡು ಎಳೆದ. "ಶುವೈಖ್, ಸ್ಪೇರ್ ಪಾರ್ಟ್ಸ್! ಇನ್ನೆಂತ ಸಾಕ್ಷಿ ಬೇಕು? ಪೊಲೀಸ್ ಬರ್ಲಿ. ನಾಳೆಯೇ ನಿನ್ನನ್ನು ಪ್ಲೇನ್ ಹತ್ತಿಸ್ತಾರೆ."

ಪಜೆರೋದ ಕಿಟಕಿಗೆ ಅಂಟಿಸಿದ್ದ ಶಿಲುಬೆ, 'ಮಥಾಯಸ್' ಎಂಬ ಸ್ಟಿಕ್ಕರ್ ಅಕ್ಷಯನಿಗೆ ಆಗ ಕಾಣಿಸಿತು. ಮೆಲಿಶಾಳ ಕ್ಲಿನಿಕ್ಕಿನ ಬ್ಯಾಜಿನಲ್ಲೂ ಇದ್ದ ಹೆಸರು. ಇವನು ಅವಳ ಅಣ್ಣ. ಒಂದು ಹೆಸರು ಹೇಳಿದರೆ ಏಟು ನಿಲ್ಲಬಹುದು. ಅವಳ ಶುಕ್ರವಾರಗಳೂ ನಿಲ್ಲಬಹುದು. ಕೇಸಾದರೆ ಕೆಲಸ ಹೋಗುತ್ತದೆ, ಕುವೈತ್ ಹೋಗುತ್ತದೆ, ಅವಳು ಹೋಗುತ್ತಾಳೆ. ಅವನು ಒಡೆದ ತುಟಿಯನ್ನು ಬಿಗಿದುಕೊಂಡ. ಶೂ ಮತ್ತೆ ಹಿಂದಕ್ಕೆ ಹೋಯಿತು.

"ಸೋಡ್ ತಾಕಾ! ಬಿಡು ಅವನನ್ನು!"

ಮೆಟ್ಟಿಲಿನಿಂದ ಮೆಲಿಶಾ ಬಂದಳು. ಕೊರಳಿನಲ್ಲಿ ಕ್ಯಾಮೆರಾ, ಕೈಯಲ್ಲಿ ಅದೇ ಟ್ರೈಪಾಡ್. ಈ ಸಲ ಅದು ಬಿದ್ದದ್ದು ಕ್ಲಿಫರ್ಡನ ತೋಳಿಗೆ. ಗೋದಾಮಿನ ಸೂಪರ್‌ವೈಸರ್ ಅಮ್ಮಾ ಎಂದ.

"ನಿಂಗೆ ಮರ್ಲಾ, ಹುಚ್ಚಾ? ಇವ ಕಳ್ಳ!"

"ಕಳ್ಳ ಕನ್ನಡಿಗೆ ಸಾಕ್ಸ್ ಹಾಕ್ತಾನಾ? ನೋಡು!" ಕ್ಯಾಮೆರಾವನ್ನು ಅಣ್ಣನ ಮೂಗಿಗೆ ಹಿಡಿದಳು. "ನಮ್ಮ ಬಾಲ್ಕನಿಯಿಂದ ತೆಗ್ದದ್ದು. ಶನಿವಾರ, ಭಾನುವಾರ, ನಿನ್ನೆ. ಟೈಮ್ ಸಮೇತ ಉಂಟು. ಹಾಕ್ತಾನೆ, ಕಾಯ್ತಾನೆ, ಬಿಚ್ಚಿ ತಗೊಂಡು ಹೋಗ್ತಾನೆ. ಆ ಹಕ್ಕಿ ಕನ್ನಡಿಗೆ ಕುಕ್ಕಿ ಸಾಯಬಾರದು ಅಂತ."

ಕ್ಲಿಫರ್ಡ್ ಒಂದೊಂದೇ ಫೋಟೋ ಸರಿಸಿದ. ಕಾಲುಚೀಲ ಕೊಡವುವ ಅಕ್ಷಯ್. ರಬ್ಬರ್ ಬ್ಯಾಂಡನ್ನು ಹಲ್ಲಿನಲ್ಲಿ ಕಚ್ಚಿದ ಅಕ್ಷಯ್. ಗೂಡಿನ ಕಡೆ ಕೈಮುಗಿಯುತ್ತಿರುವ ಅಕ್ಷಯ್. ಸರಿಸಿದಷ್ಟೂ ಮುಗಿಯಲಿಲ್ಲ.

"ಇದರಲ್ಲಿ ಹಕ್ಕಿ ಎಲ್ಲಿ?" ಅಂದ ಕೊನೆಗೆ.

ಮೆಲಿಶಾ ಕ್ಯಾಮೆರಾವನ್ನು ತನ್ನ ಕಡೆಗೆ ಎಳೆದುಕೊಂಡಳು. ಅವಳ ಕಿವಿ ಕೆಂಪಾಗಿತ್ತು. ಕ್ಲಿಫರ್ಡ್ ತಂಗಿಯನ್ನು ನೋಡಿದ, ಕೆಳಗೆ ಬಿದ್ದವನನ್ನು ನೋಡಿದ, ತನ್ನ ಮುಷ್ಟಿಯನ್ನು ನೋಡಿಕೊಂಡ.

"ಚುಪ್!" ಎಂದ ಬೇಲಿಯ ಆಚೆಯಿಂದ ಅಬ್ದುಲ್ ರಹಿಮಾನ್.

ಕಾರುಗಳ ಮೇಲಿಂದ ಒಂದು ನೇರಳೆ ಗೀಟು ಹಾದುಹೋಯಿತು. ಒಂಟಿ ಕಾಲಿನಲ್ಲಿ ಗೂಡಿನ ಬಾಯಿಗೆ ಜೋತು, ಕೊಕ್ಕಿನಲ್ಲಿದ್ದ ಹುಳವನ್ನು ಒಳಗಿನ ತೆರೆದ ಬಾಯಿಗೆ ತುರುಕಿತು. ಮತ್ತೆ ಹಾರಿತು, ಮತ್ತೆ ತಂದಿತು. ಮೆಲಿಶಾಳ ಕೊರಳಿನಲ್ಲಿ ಕ್ಯಾಮೆರಾ ಇತ್ತು. ಅವಳು ಅದನ್ನು ಮುಟ್ಟಲೇ ಇಲ್ಲ. ಎರಡೂ ಕೈಯಲ್ಲಿ ಅಕ್ಷಯನ ತಲೆ ಹಿಡಿದುಕೊಂಡಿದ್ದಳು.

ಕ್ಲಿನಿಕ್ಕಿಗೆ ಹೊತ್ತು ತಂದದ್ದು ಕ್ಲಿಫರ್ಡೇ. "ನಾನು ಹೊಡೆದದ್ದು ಕಳ್ಳನಿಗೆ ಮಾರಾಯಾ, ನಿನಗಲ್ಲ," ಎಂದು ದಾರಿಯುದ್ದಕ್ಕೂ ಹೇಳಿದ. ಆಮೇಲೆ ಹೊರಗಿನ ಬೆಂಚಿನಲ್ಲಿ ತೋಳು ಉಜ್ಜಿಕೊಳ್ಳುತ್ತಾ ಕುಳಿತ.

ಒಳಗೆ ಮೆಲಿಶಾ ಅಕ್ಷಯನ ಎದೆಯನ್ನು ಎಕ್ಸ್‌ರೇ ಪ್ಲೇಟಿಗೆ ಒರಗಿಸಿದಳು. "ಉಸಿರು ಎಳಿ. ಹಿಡ್ಕೊ. ಮಾತಾಡ್ಬೇಡ."

ತುಟಿ ಊದಿತ್ತು. ಯಜಮಾನನೂ ಕಂಡಕ್ಟರನೂ ಆ ಬಾಯಿಯಿಂದ ಹೊರಬರುವ ಹಾಗಿರಲಿಲ್ಲ. ಬಂದದ್ದು ಒರಟಾದ, ತೊದಲುವ, ಮಧ್ಯೆ ಮಧ್ಯೆ ಮುರಿಯುವ ಒಂದು ದನಿ.

"ನಿನ್ನನ್ನು ಬಿಟ್ಟು ಇರ್ಲಿಕ್ಕೆ ಆಗುದಿಲ್ಲ ಮೆಲಿಶಾ. ಆ ಮರಿದು ನನ್ನ ತಪ್ಪು. ಅದು ಯಾವತ್ತಿಗೂ ಹಾಗೇ ಇರ್ತದೆ. ಆದ್ರೂ ಕೇಳ್ತಿದ್ದೇನೆ."

ಮೆಲಿಶಾ ಗಾಜಿನ ಹಿಂದೆ ಹೋಗಲು ಮರೆತಳು. "ಇದು ಯಾರ ದನಿ?"

"ನಂದೇ. ಇದಕ್ಕೆ ಸ್ಪೇರ್ ಪಾರ್ಟ್ ಇಲ್ಲ."

ಅವಳು ಗಾಜಿನ ಹಿಂದೆ ಹೋದಳು. ಯಂತ್ರ ಗುಂಯ್ ಎಂದಿತು. ಅವಳು ಸ್ಕ್ರೀನನ್ನು ಆ ಕಡೆ ಈ ಕಡೆ ನೋಡಿದಳು.

"ಎಂತ ಕಾಣ್ತದೆ?" ಅಂದ ಅಕ್ಷಯ್.

"ಪಕ್ಕೆಲುಬು ಎರಡು ಬಿರುಕು." ಅವಳು ಮೂಗು ಒರೆಸಿಕೊಂಡಳು. "ಮತ್ತೆ, ಖಾಲಿ ಇಲ್ಲ."