ತಗ್ಗಿಸಿದ ಗಾಡಿಯ ಕೆಳಗೆ

ಊಟದ ಡಬ್ಬಿ ಹಿಡಿದು ಗ್ಯಾರೇಜಿಗೆ ಬಂದ ಮೇಸ್ತ್ರಿಯ ಹೆಂಡತಿಗೆ ಮೊದಲು ಕಂಡದ್ದು ಗಂಡನ ಚಪ್ಪಲಿ. ಆಮೇಲೆ ಕಾಲು. ಉಳಿದದ್ದೆಲ್ಲ ಪಿಕಪ್ ಗಾಡಿಯ ಕೆಳಗಿತ್ತು.

ಅವಳ ಚೀರಾಟಕ್ಕೆ ಬೀದಿಯೇ ಓಡಿಬಂತು. ಎಲ್ಲರೂ ಸೇರಿ ಗಾಡಿ ಎತ್ತಿ ಮೇಸ್ತ್ರಿಯನ್ನು ಈಚೆಗೆಳೆದಾಗ ಜೀವ ಹೋಗಿತ್ತು.

ಇನ್‌ಸ್ಪೆಕ್ಟರ್ ಬಂದರು. ಹಲ್ಲಿ ಕಂಡರೆ ಕುರ್ಚಿ ಹತ್ತುವ ಹೆಂಗಸು ಎಂದು ಠಾಣೆಯವರು ಬೆನ್ನ ಹಿಂದೆ ನಗುವುದುಂಟು. ನಗಲಿ ಬಿಡಿ. ಹೆದರುವವರ ಕಣ್ಣು ಚುರುಕಾಗಿರುತ್ತದೆ.

"ಜಾಕ್ ಕೈಕೊಡ್ತು ಮೇಡಂ," ಎಂದ ಮೇಸ್ತ್ರಿಯ ಪಾಲುದಾರ.

ಇನ್‌ಸ್ಪೆಕ್ಟರ್ ಅದೇ ಜಾಕಿನಿಂದ ತಮ್ಮ ಜೀಪನ್ನು ಎತ್ತಿಸಿದರು. ಟೀ ಕುಡಿದು ಮುಗಿಸುವವರೆಗೆ ಕಾದರು. ಜೀಪು ಕೂದಲೆಳೆಯಷ್ಟೂ ಇಳಿಯಲಿಲ್ಲ.

"ಜಾಕ್ ಗಟ್ಟಿಮುಟ್ಟಾಗಿದೆ. ಯಾರೋ ಹಿಡಿ ತಿರುಗಿಸಿ ಇಳಿಸಿದ್ದಾರೆ."

ಪಾಲುದಾರ ಬೆವರು ಒರೆಸಿಕೊಂಡ. "ಹಾಗಾದ್ರೆ ಮೇಸ್ತ್ರಿಯ ಬಾಮೈದನೇ ಇರ್ಬೇಕು."

ಪಿಕಪ್ ಆ ಬಾಮೈದನದೇ. ನೆಲಕ್ಕಂಟಿಕೊಂಡು ಓಡುವ ಗಾಡಿಯ ಹುಚ್ಚು, ಜೇಬು ಮಾತ್ರ ತೆಳು. ಹೊಸ ಸ್ಪ್ರಿಂಗ್ ಕೊಳ್ಳುವ ಬದಲು ಮೇಸ್ತ್ರಿ ಹಳೆಯದರಲ್ಲೇ ಒಂದೊಂದು ಸುತ್ತು ಕತ್ತರಿಸಿ ಗಾಡಿಯ ಮೂತಿಯನ್ನು ಅಗ್ಗದಲ್ಲಿ ತಗ್ಗಿಸಿದ್ದ. ಬೆಳಿಗ್ಗೆ ಇಬ್ಬರೂ ಓಡಿಸಿ ನೋಡಿದರು. ಮುಂದಿನ ಗಾಲಿಯ ಹತ್ತಿರ ಏನೋ ಸದ್ದು. ಆದರೂ ಹುಡುಗನ ಹಟ ಬೇರೆ.

"ಇನ್ನೂ ಸ್ವಲ್ಪ ಇಳಿಸಿ ಭಾವ."

"ಸಾಯ್ಬೇಕೇನೋ ನೀನು?"

ಈ ಜಗಳ ಬೀದಿಗೆಲ್ಲ ಕೇಳಿತ್ತು.

"ನಾನು ವೆಲ್ಡಿಂಗ್ ಗ್ಯಾಸ್ ಸಿಲಿಂಡರ್ ತರೋಕೆ ಹೊರಟಾಗ, ಸದ್ದು ಎಲ್ಲಿಂದ ಅಂತ ನೋಡೋಕೆ ಮೇಸ್ತ್ರಿ ಗಾಡಿ ಎತ್ತಿದ್ದ. ಬರೀ ಜಾಕ್ ಮೇಲಿತ್ತು. ಬಾಮೈದ ಪಕ್ಕದಲ್ಲೇ ನಿಂತಿದ್ದ," ಎಂದ ಪಾಲುದಾರ.

ರೂಮಿಗೆ ಹೋಗಿ ಮಲಗಿದ್ದೆ ಎಂದ ಬಾಮೈದ. ನೋಡಿದವರು ಯಾರೂ ಇಲ್ಲ. ಹುಡುಗ ಲಾಕಪ್ಪಿಗೆ ಬಿದ್ದ.

* * *

"ಯಜಮಾನ್ರೂ ಹೋದ್ರು. ಇರೋ ಒಬ್ಬ ತಮ್ಮನನ್ನೂ ಕಿತ್ಕೋತೀರಾ ಮೇಡಂ?" ಮೇಸ್ತ್ರಿಯ ಹೆಂಡತಿ ಠಾಣೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಮಡಿಲಲ್ಲಿ ಮುರಿದ ಸ್ಪ್ರಿಂಗಿನ ತುಂಡು. ಮುರಿದ ಕಡೆ ಅದು ಬೆಂಕಿಗೆ ಕಾಸಿದಂತೆ ನೀಲಿಗಟ್ಟಿತ್ತು.

"ಇದೇನಮ್ಮ?"

"ಮೊನ್ನೆಯಿಂದ ಇದನ್ನೇ ನೋಡ್ತಾ ಕೂರ್ತಿದ್ರು. ನಿದ್ದೆನೇ ಇಲ್ಲ. ಸ್ಟೇಷನ್‌ಗೆ ಹೋಗ್ಬೇಕು ಅಂತಿದ್ರು."

"ಜಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ಹೋಗ್ತಿದ್ರಾ?"

"ಅಯ್ಯೋ, ಎಲ್ಲಾದ್ರೂ ಉಂಟೇ? ಚಕ್ರದ ಕೆಳಗೆ ದಿಮ್ಮಿ ಇಲ್ದೆ ತಲೆ ಹಾಕಿದವರಲ್ಲ."

ಇನ್‌ಸ್ಪೆಕ್ಟರ್ ತಟ್ಟನೆ ಜೀಪು ಹತ್ತಿದರು. ಮೇಸ್ತ್ರಿ ಸತ್ತಾಗ ಗಾಡಿಯ ಕೆಳಗೆ ದಿಮ್ಮಿ ಇರಲಿಲ್ಲ.

* * *

ಗ್ಯಾರೇಜಿನ ಗೋಡೆಯ ಮೊಳೆಗಳಲ್ಲಿ ಅವು ಅಚ್ಚುಕಟ್ಟಾಗಿ ತೂಗುತ್ತಿದ್ದವು: ಚಕ್ರ ಹತ್ತಲು ಇಳಿಜಾರು ಕೊಯ್ದ, ಗೇಣು ದಪ್ಪದ ಎರಡು ಮರದ ದಿಮ್ಮಿ.

ಇನ್‌ಸ್ಪೆಕ್ಟರ್ ಜಾಕನ್ನು ಪಿಕಪ್ಪಿನ ಮೂತಿಯ ಕೆಳಗೆ ತಳ್ಳಿದರು. ಹೋಗಲಿಲ್ಲ. ಎರಡು ಬೆರಳು ಜಾಗ ಸಾಲದು.

ಪೇದೆಯ ಕಿವಿಯಲ್ಲಿ ಏನೋ ಹೇಳಿ ಹೊರಗೆ ಕಳಿಸಿದರು. ಪಾಲುದಾರನನ್ನು ಕರೆಸಿದರು.

"ಗಾಡಿ ಎತ್ತಿ ತೋರ್ಸಪ್ಪ. ದಿಮ್ಮಿ ಇಟ್ಟೇ ಎತ್ತು."

ಅವನು ಗಾಡಿಯನ್ನು ದಿಮ್ಮಿಗೆ ಹತ್ತಿಸಿ, ಜಾಕ್ ತೂರಿಸಿ ಎತ್ತಿದ. ಇನ್‌ಸ್ಪೆಕ್ಟರ್ ಅಂಗಾತ ಮಲಗಿ ಒಳಕ್ಕೆ ಜಾರಿದರು. ಮೂಗಿನ ಮೇಲೆಯೇ ಕಬ್ಬಿಣ. ಎದ್ದು ಓಡಿಬಿಡಬೇಕು ಎನಿಸಿತು. ಓಡಲಿಲ್ಲ.

"ಮುರಿದ ಸ್ಪ್ರಿಂಗ್ ಸಿಕ್ಕಿದೆ," ಎಂದರು ಅಲ್ಲಿಂದಲೇ. "ನೀಲಿಗಟ್ಟಿದೆ. ಕಾಸಿದ್ದು ನೀನೇ ತಾನೇ?"

ಹೊರಗೆ ಹೆಜ್ಜೆಗಳು ಶಟರಿನತ್ತ ಸರಿದವು.

ಶಟರ್ ಅರ್ಧ ಇಳಿದ ಸದ್ದು. ಬೆಳಕು ಕುಗ್ಗಿತು. ಆಮೇಲೆ ಸಿಮೆಂಟಿನ ಮೇಲೆ ಮರ ಉಜ್ಜುವ ಸದ್ದು. ಒಂದು ದಿಮ್ಮಿ. ಇನ್ನೊಂದು.

ಜಾಕ್ ಉಸ್ ಎಂದಿತು.

ಇನ್‌ಸ್ಪೆಕ್ಟರ್ ಕಣ್ಣು ಮುಚ್ಚಿ ಅಮ್ಮಾ ಎಂದರು. ಗಾಡಿ ಧಡ್ ಎಂದು ಕುಸಿದು, ಅವರ ಎದೆಯ ಮೇಲೆ ಒಂದು ಅಂಗೈಯಷ್ಟು ಅಂತರದಲ್ಲಿ ನಿಂತಿತು. ಒಳಗೆ ಜಾರುವಾಗ ಅವರು ಅವನ ಕಣ್ಣಿಗೆ ಬೀಳದಂತೆ ಪಕ್ಕದಲ್ಲಿ ಸ್ಟೆಪ್ನಿ ಚಕ್ರವನ್ನೂ ಎಳೆದುಕೊಂಡಿದ್ದರು; ಗಾಡಿ ಅದರ ಮೇಲೆ ಕೂತಿತ್ತು.

ಶಟರಿನಡಿ ನುಗ್ಗಿದ ಪೇದೆ ಪಾಲುದಾರನನ್ನು ನೆಲಕ್ಕೆ ಕೆಡವಿದ. ಅವನ ತೋಳಿನಲ್ಲಿ ಇನ್ನೂ ಒಂದು ದಿಮ್ಮಿ ಇತ್ತು.

* * *

"ಬರೀ ಜಾಕಿಂದ ಎತ್ತಿದ್ದ ಅಂದೆ," ಎಂದರು ಇನ್‌ಸ್ಪೆಕ್ಟರ್, ಗೋಡೆಗೆ ಒರಗಿ. "ತಗ್ಗಿಸಿದ ಮೇಲೆ ಆ ಗಾಡಿಯಡಿ ಜಾಕ್ ಹೋಗೋದೇ ಇಲ್ಲ. ದಿಮ್ಮಿ ಹತ್ತಿಸ್ಲೇಬೇಕು. ದಿಮ್ಮಿ ಇದ್ದಿದ್ರೆ ಮೇಸ್ತ್ರಿ ಉಳೀತಿದ್ದ. ಅದಕ್ಕೇ ಮೊದ್ಲು ಅದನ್ನ ಎಳ್ದೆ. ಆಮೇಲೆ ಕೈಯಭ್ಯಾಸ, ಮೊಳೆಗೆ ತೂಗುಹಾಕ್ದೆ. ಆ ಬಾಮೈದ ಹುಡುಗ ಆಗಿದ್ರೆ ಅಲ್ಲೇ ಬಿಸಾಕಿ ಓಡ್ತಿದ್ದ."

"ಯಾಕಯ್ಯಾ?" ಎಂದ ಪೇದೆ.

ಪಾಲುದಾರ ನೆಲ ನೋಡುತ್ತ ಬಾಯಿಬಿಟ್ಟ. ಕತ್ತರಿಸುವುದಕ್ಕಿಂತ ಗ್ಯಾಸಿನಲ್ಲಿ ಕಾಸಿ ಕುಗ್ಗಿಸುವುದು ಸುಲಭ. ಕಾಸಿದ ಸ್ಪ್ರಿಂಗಿಗೆ ಕಸುವಿರುವುದಿಲ್ಲ. ಹಾಗೆ ಅವನು ತಗ್ಗಿಸಿಕೊಟ್ಟ ಬೇರೊಂದು ಗಾಡಿ ತಿರುವಿನಲ್ಲಿ ಮಗುಚಿ ಚಾಲಕ ಸತ್ತಿದ್ದ. ಮುರಿದ ತುಂಡು ಮೇಸ್ತ್ರಿಯ ಕೈಗೆ ಸಿಕ್ಕಿತ್ತು.

"ಜಾಕ್ ಇನ್ನೊಂದ್ಸಲ ಇಳಿದ್ರೆ ಎಲ್ರೂ ಜಾಕನ್ನೇ ಬೈತಾರೆ ಅನ್ಕೊಂಡೆ," ಎಂದ.

* * *

ಲಾಕಪ್ಪಿನಿಂದ ಹೊರಬಂದ ಹುಡುಗ ಅಕ್ಕನ ಕಾಲು ಹಿಡಿದ. ಅವಳು ಅವನ ತಲೆಯನ್ನು ಬಿಗಿಯಾಗಿ ಅಪ್ಪಿಕೊಂಡಳು.

"ಭಯ ಆಗ್ಲಿಲ್ವಾ ಮೇಡಂ, ಅದರ ಕೆಳಗೆ?" ಎಂದು ಕೇಳಿದಳು ಅಕ್ಕ.

"ಭಯ ಆಗಿದ್ದಕ್ಕೇ ಸ್ಟೆಪ್ನಿ ಇಟ್ಕೊಂಡಿದ್ದು ತಾಯಿ."

"ನಮ್ಮವರನ್ನೂ ಪುಕ್ಕಲು ಮೇಸ್ತ್ರಿ ಅಂತ ಎಲ್ರೂ ಆಡ್ಕೋತಿದ್ರು. ನಾನೂ ನಗ್ತಿದ್ದೆ," ಎಂದಳು. ಆಮೇಲೆ, ಗಂಡ ಸತ್ತ ಮೇಲೆ ಮೊದಲ ಸಲ, ಬಾಯಿಬಿಟ್ಟು ಅತ್ತಳು.